ಧ್ವನಿಯಂತ್ರ ನಿರ್ಮಾಣ ಮತ್ತು ತಂತಿಯ ಆಯ್ಕೆ: ಒಂದು ಅಭಿಪ್ರಾಯ

ಶಾಲೆಯ ದೈನಂದಿನ ಜೀವನದಲ್ಲಿ ಧ್ವನಿವರ್ಧಕಕ್ಕಿರುವ ಸ್ಥಾನವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬೆಳಗಿನ ಪ್ರಾರ್ಥನೆ, ಭಾಷಣ ಸ್ಪರ್ಧೆ, ನಾಟಕ, ವಾರ್ಷಿಕೋತ್ಸವ, ಗಣ್ಯರ ಉಪನ್ಯಾಸ ಇವೆಲ್ಲವೂ ಅದನ್ನೇ ಅವಲಂಬಿಸಿವೆ. ಅದು ಸರಿಯಾಗಿ ಕೆಲಸ ಮಾಡುವಷ್ಟು ಕಾಲ ಯಾರೂ ಅದನ್ನು ನೆನೆಯುವುದಿಲ್ಲ. ಭಾಷಣಕಾರರ ಮಾತಿಗಿಂತ ‘ಗುಂಯ್’ ಎಂಬ ನಾದವೇ ಜೋರಾಗಿ ಕೇಳಿಬಂದಾಗ ಮಾತ್ರ ಎಲ್ಲರ ದೃಷ್ಟಿಯೂ ಅತ್ತ ಹೊರಳುತ್ತದೆ. ಆಗ ದೋಷವನ್ನು ಮೈಕಿನ ಮೇಲೋ ಆಂಪ್ಲಿಫಯರಿನ ಮೇಲೋ ಹೊರಿಸಿ, ಹೊಸದೊಂದನ್ನು ಕೊಳ್ಳುವ ಆಲೋಚನೆ ನಡೆಯುತ್ತದೆ. ಸಾಧ್ಯವಾದರೆ ದಾನಿಗಳೊಬ್ಬರ ಬಾಗಿಲನ್ನೂ ತಟ್ಟಲಾಗುತ್ತದೆ. ಆದರೆ ಆ ಯಂತ್ರದ ಒಳಗೂ ಹೊರಗೂ ಹರಡಿಕೊಂಡಿರುವ ತಂತಿಗಳ ವಿಷಯವನ್ನು ವಿಚಾರಿಸುವವರು ವಿರಳ.

ಧ್ವನಿಯಂತ್ರಗಳನ್ನು ಕಟ್ಟುವಾಗಲೂ ದುರಸ್ತಿ ಮಾಡುವಾಗಲೂ ತಂತಿಯನ್ನು ಅದರ ಬೆಲೆಯಿಂದ ಆರಿಸಬಾರದು, ಅದು ಮಾಡಬೇಕಾದ ಕೆಲಸದಿಂದ ಆರಿಸಬೇಕು ಎಂಬುದು ಈ ಲೇಖನದ ಪ್ರತಿಪಾದನೆ. ಈ ವಿವೇಕವನ್ನು ಪ್ರೌಢಶಾಲೆಯ ಮಕ್ಕಳಿಗೆ ಕೈಕೆಲಸದ ಮೂಲಕವೇ ಕಲಿಸುವುದು ಸಾಧ್ಯ, ಕಲಿಸುವುದು ಅಗತ್ಯ. ಇದು ಕೇವಲ ನಾದಶುದ್ಧಿಯ ಪ್ರಶ್ನೆಯಲ್ಲ. ಮೈಕನ್ನು ಹಿಡಿದು ನಿಲ್ಲುವ ಮಗುವಿನ ಪ್ರಾಣರಕ್ಷಣೆಯ ಪ್ರಶ್ನೆಯೂ ಹೌದು.

ಸಿದ್ಧಯಂತ್ರಗಳು ಎಲ್ಲೆಡೆ ದೊರೆಯುವ ಈ ಕಾಲದಲ್ಲಿ ಮಕ್ಕಳು ಅದನ್ನು ಕಟ್ಟುವ ಅಗತ್ಯವೇನು ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಮುಚ್ಚಿದ ಪೆಟ್ಟಿಗೆಯನ್ನು ಕೊಂಡವನು ಅದರ ಗುಂಡಿಗಳನ್ನು ತಿರುಗಿಸುವುದನ್ನಷ್ಟೇ ಕಲಿಯುತ್ತಾನೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ಪರಿಚಿತವಾದುದು ಆ ಸಾಹಸದಿಂದ. ಒಬ್ಬ ಅಧ್ಯಾಪಕನ ಕುತೂಹಲವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಮುಂದೆ ರೇಡಿಯೋ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ನಮ್ಮ ನಾಡಿನಲ್ಲಿಯೇ ತಯಾರಿಸಿತು. ಇಂತಹ ಪರಂಪರೆಯುಳ್ಳ ನಾಡಿನ ವಿದ್ಯಾರ್ಥಿಯು ಬೆಸುಗೆಯ ಸಲಾಕೆಯನ್ನು ಹಿಡಿಯದೆಯೇ ಶಾಲೆಯನ್ನು ಬಿಡುವುದು ಉಚಿತವೆನಿಸದು.

ಇನ್ನು ವಿಷಯಕ್ಕೆ ಬರೋಣ. ಯಂತ್ರದ ಪೆಟ್ಟಿಗೆಯೊಳಗೆ ಒಂದು ಬಿಡಿಭಾಗದಿಂದ ಮತ್ತೊಂದಕ್ಕೆ ಸಂಪರ್ಕವನ್ನು ಕಲ್ಪಿಸುವ ಸಾಮಾನ್ಯ ತಂತಿಯನ್ನು ಹುಕಪ್ ವೈರ್ ಎಂದು ಕರೆಯುತ್ತಾರೆ. ಅದೇ ತಂತಿಯ ಸುತ್ತ ಲೋಹದ ಕವಚವನ್ನು ತೊಡಿಸಿದಾಗ ಅದು ಶೀಲ್ಡೆಡ್ ವೈರ್ ಎನಿಸುತ್ತದೆ. ಮೊದಲನೆಯದು ವಿದ್ಯುತ್ತನ್ನು ಸಾಗಿಸುತ್ತದೆ. ಎರಡನೆಯದು ಸಾಗಿಸುವುದರೊಡನೆ ಕಾಯುತ್ತದೆ. ಎಲ್ಲೆಲ್ಲಿ ಸಾಗಿಸಿದರೆ ಸಾಕು, ಎಲ್ಲೆಲ್ಲಿ ಕಾಯಲೂ ಬೇಕು ಎಂಬುದನ್ನು ಬಲ್ಲವನಿಗೆ ತಂತಿಯ ಆಯ್ಕೆಯಲ್ಲಿ ಅರ್ಧ ಕೆಲಸ ಮುಗಿದಂತೆಯೇ.

ಹುಕಪ್ ವೈರಿನಲ್ಲಿ ಮೊದಲು ನೋಡಬೇಕಾದುದು ದಪ್ಪ. ನಮ್ಮ ಪೇಟೆಗಳಲ್ಲಿ ತಂತಿಯನ್ನು 7/36, 14/36, 23/36 ಎಂಬ ಅಂಕಿಗಳಿಂದ ಗುರುತಿಸುವ ರೂಢಿಯಿದೆ. ಮೊದಲ ಅಂಕಿ ಎಳೆಗಳ ಸಂಖ್ಯೆಯನ್ನೂ ಎರಡನೆಯದು ಪ್ರತಿಯೊಂದು ಎಳೆಯ ಗೇಜನ್ನೂ ಸೂಚಿಸುತ್ತದೆ. 36ನೇ ಗೇಜಿನ ಎಳೆಯ ವ್ಯಾಸ ಸುಮಾರು 0.19 ಮಿಲಿಮೀಟರ್. ಅಂದರೆ 7/36 ತಂತಿಯಲ್ಲಿ ತಾಮ್ರದ ಅಡ್ಡಕೊಯ್ತ ಸುಮಾರು 0.2 ಚದರ ಮಿಲಿಮೀಟರ್, 23/36ರಲ್ಲಿ ಸುಮಾರು 0.67. ಮೈಕಿನ ಸಂಕೇತವು ಸಾಗುವ ಹಂತದಲ್ಲಿ ಪ್ರವಾಹವು ಕೆಲವೇ ಮೈಕ್ರೋ ಆಂಪಿಯರುಗಳಷ್ಟಿರುತ್ತದೆ. ಅಲ್ಲಿ 7/36ರ ಒಂದು ಗೇಣುದ್ದದ ತುಂಡು ಒಡ್ಡುವ ರೋಧವು ಒಂದು ಓಮಿನ ಐವತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದು ಲೆಕ್ಕಕ್ಕೇ ಬಾರದು. ಆದರೆ 50 ವಾಟಿನ ಆಂಪ್ಲಿಫಯರು 8 ಓಮಿನ ಸ್ಪೀಕರಿಗೆ ತನ್ನ ಪೂರ್ಣ ಶಕ್ತಿಯನ್ನು ನೀಡುವಾಗ ಹರಿಯುವ ಪ್ರವಾಹ 2.5 ಆಂಪಿಯರ್. ವಿದ್ಯುತ್ ಸರಬರಾಜಿನ ಭಾಗಕ್ಕೂ ಸ್ಪೀಕರಿನ ಸಂಪರ್ಕಕ್ಕೂ 23/36ಕ್ಕಿಂತ ತೆಳುವಾದುದನ್ನು ಬಳಸಬಾರದು. ಸಭಾಂಗಣದಲ್ಲಿ 10 ಮೀಟರು ದೂರದ ಸ್ಪೀಕರಿಗೆ 7/36 ತಂತಿಯನ್ನು ಎಳೆದರೆ, ಹೋಗುವ ಬರುವ ದಾರಿ ಸೇರಿ ರೋಧವು ಒಂದೂವರೆ ಓಮನ್ನು ಮೀರುತ್ತದೆ. ಸ್ಪೀಕರಿಗೆ ಸಲ್ಲಬೇಕಾದ ಶಕ್ತಿಯಲ್ಲಿ ಸುಮಾರು ಆರನೆಯ ಒಂದು ಪಾಲು ತಂತಿಯಲ್ಲಿಯೇ ಶಾಖವಾಗಿ ವ್ಯಯವಾಗುತ್ತದೆ. ಒಂದೇ ತಂತಿಯು ಒಂದೆಡೆ ಯೋಗ್ಯ, ಮತ್ತೊಂದೆಡೆ ಅಯೋಗ್ಯ. ಯೋಗ್ಯತೆಯು ತಂತಿಯಲ್ಲಿಲ್ಲ, ಅದನ್ನು ನಿಯೋಜಿಸುವವನ ತಿಳಿವಳಿಕೆಯಲ್ಲಿದೆ.

ಎರಡನೆಯದು ಒಂಟಿ ಎಳೆಯೋ ಹಲವು ಎಳೆಯೋ ಎಂಬ ಪ್ರಶ್ನೆ. ಒಂಟಿ ಎಳೆಯ ತಂತಿಯು ಬಾಗಿಸಿದಲ್ಲಿ ಬಾಗಿ ನಿಲ್ಲುತ್ತದೆ; ಆದುದರಿಂದ ಪೆಟ್ಟಿಗೆಯೊಳಗಿನ ಅಲುಗಾಡದ ಸಂಪರ್ಕಗಳಿಗೆ ಅದು ಅಚ್ಚುಕಟ್ಟು. ಆದರೆ ಮತ್ತೆ ಮತ್ತೆ ಬಾಗಿದರೆ ಬೆಸುಗೆಯ ಬುಡದಲ್ಲಿಯೇ ಮುರಿಯುತ್ತದೆ. ಮುಚ್ಚಳಕ್ಕೋ ತೆಗೆದು ಹಾಕುವ ಫಲಕಕ್ಕೋ ಹೋಗುವ ತಂತಿಯು ಹಲವು ಎಳೆಗಳದ್ದಾಗಿರಬೇಕು. ಹೊದಿಕೆಯನ್ನು ಬಿಡಿಸುವಾಗ ಬ್ಲೇಡು ತಾಗಿ ಎಳೆಗಳು ಕತ್ತರಿಸಿಹೋಗದಂತೆ ಎಚ್ಚರ ವಹಿಸಬೇಕು. ಏಳರಲ್ಲಿ ಮೂರು ಎಳೆ ಹೋದ ತಂತಿಯು ಇಂದು ಕೆಲಸ ಮಾಡುತ್ತದೆ, ವಾರ್ಷಿಕೋತ್ಸವದ ದಿನ ಕೈಕೊಡುತ್ತದೆ.

ಮೂರನೆಯದು ಹೊದಿಕೆ. ಪಿ.ವಿ.ಸಿ. ಹೊದಿಕೆಯ ತಂತಿ ಅಗ್ಗ, ಬಣ್ಣಗಳೂ ಹೇರಳ. ಆದರೆ ಸಾಮಾನ್ಯ ಪಿ.ವಿ.ಸಿ. ತಂತಿಯನ್ನು 70 ಡಿಗ್ರಿ ಸೆಲ್ಸಿಯಸ್ ತಾಪಕ್ಕೆಂದು ತಯಾರಿಸಿರುತ್ತಾರೆ. ಬೆಸುಗೆಯ ಸಲಾಕೆಯ ತುದಿಯ ತಾಪವು 350 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೈ ನಿಧಾನವಾದ ವಿದ್ಯಾರ್ಥಿಯು ಬೆಸೆಯುವಷ್ಟರಲ್ಲಿ ಹೊದಿಕೆಯು ಕರಗಿ ಹಿಂದೆ ಸರಿದು ತಾಮ್ರವು ಬೆತ್ತಲಾಗುತ್ತದೆ. ಟೆಫ್ಲಾನ್ ಎಂದು ಪ್ರಸಿದ್ಧವಾದ ಪಿ.ಟಿ.ಎಫ್.ಇ. ಹೊದಿಕೆಗೆ ಈ ದೋಷವಿಲ್ಲ. 1938ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಈ ವಸ್ತುವು 327 ಡಿಗ್ರಿಯವರೆಗೆ ಕರಗದು. ಕರಗುವ ತಾಪದಲ್ಲಿಯೂ ನೀರಿನಂತೆ ಹರಿಯದು. ಆದರೆ ಬೆಲೆ ಹೆಚ್ಚು, ಬಿಡಿಸುವುದು ಕಷ್ಟ. ಬಿಸಿಯಾಗುವ ಭಾಗಗಳ ಬಳಿ, ಬಿಡುವಿಲ್ಲದ ಇಕ್ಕಟ್ಟಿನ ಜಾಗಗಳಲ್ಲಿ ಅದನ್ನು ಬಳಸಿ, ಉಳಿದೆಡೆ ಪಿ.ವಿ.ಸಿ.ಯಿಂದ ತೃಪ್ತರಾಗುವುದೇ ಲೇಸು. ಹೊದಿಕೆಯು ತಡೆಯಬಲ್ಲ ವೋಲ್ಟೇಜನ್ನೂ ಗಮನಿಸಬೇಕು. ಟ್ರಾನ್ಸಿಸ್ಟರ್ ಯಂತ್ರದ ಒಳಭಾಗದಲ್ಲಿ ಹತ್ತಾರು ವೋಲ್ಟುಗಳಷ್ಟೇ ಇರುತ್ತವೆ. ಹವ್ಯಾಸಿಗಳು ಇಂದಿಗೂ ಕಟ್ಟುವ ವಾಲ್ವ್ ಯಂತ್ರದಲ್ಲಿ 300ರಿಂದ 450 ವೋಲ್ಟುಗಳು ಸಾಮಾನ್ಯ. ಅಲ್ಲಿ 600 ವೋಲ್ಟಿನ ದರ್ಜೆಯ ತಂತಿಯನ್ನೇ ಬಳಸಬೇಕು. ಇಂತಹ ಯಂತ್ರಕ್ಕೆ ವಿದ್ಯಾರ್ಥಿಗಳು ಕೈಹಾಕದಿರುವುದೇ ಕ್ಷೇಮ.

ನಾಲ್ಕನೆಯದು ಲೋಹ. ತವರದ ಲೇಪವುಳ್ಳ ತಾಮ್ರವು ಬೇಗ ಕಿಲುಬು ಹಿಡಿಯದು, ಬೆಸುಗೆಗೂ ಸುಲಭವಾಗಿ ಒಲಿಯುತ್ತದೆ. ಮಲೆನಾಡಿನ, ಕರಾವಳಿಯ ತೇವದ ಹವೆಯಲ್ಲಿ ಬರಿಯ ತಾಮ್ರವು ಹಸಿರಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿನ ಶಾಲೆಗಳಿಗೆ ತವರದ ಲೇಪವು ಅವಶ್ಯವೆಂದೇ ಹೇಳಬೇಕು. ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದುಂಟು. ಅಲ್ಯೂಮಿನಿಯಂ ಎಳೆಯ ಮೇಲೆ ತೆಳುವಾಗಿ ತಾಮ್ರವನ್ನು ಹೊದಿಸಿದ ತಂತಿಯನ್ನು ತಾಮ್ರದ ತಂತಿಯೆಂದೇ ಮಾರುವವರಿದ್ದಾರೆ. ಅದರ ವಾಹಕಶಕ್ತಿಯು ತಾಮ್ರದ ಮೂರನೆಯ ಎರಡು ಭಾಗವನ್ನೂ ಮುಟ್ಟದು. ಬಾಗಿಸಿದರೆ ಬೇಗ ಮುರಿಯುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಒಳಗೆ ಬಿಳುಪು ಕಾಣುತ್ತದೆ. ಸುರುಳಿಯನ್ನು ಕೈಯಲ್ಲಿ ಹಿಡಿದರೆ ಅಸಹಜವಾಗಿ ಹಗುರವೆನಿಸುತ್ತದೆ. ತವರ ಲೇಪಿತ ತಂತಿಯಾದರೆ ಕೆರೆದಾಗ ಬಿಳುಪಿನ ಅಡಿಯಲ್ಲಿ ಕೆಂಪು ಕಾಣಿಸಬೇಕು. ಈ ಪರೀಕ್ಷೆಗೆ ಯಾವ ಪ್ರಯೋಗಶಾಲೆಯೂ ಬೇಡ.

ಈಗ ಕವಚದ ತಂತಿಯ ವಿಚಾರ. ಲೋಹದ ಆವರಣದ ಒಳಗೆ ಹೊರಗಿನ ವಿದ್ಯುತ್ ಕ್ಷೇತ್ರವು ಪ್ರವೇಶಿಸದೆಂಬುದನ್ನು ಮೈಕೇಲ್ ಫ್ಯಾರಡೆ 1836ರಲ್ಲಿ ಪ್ರಯೋಗದಿಂದ ತೋರಿಸಿದನು. ಶೀಲ್ಡೆಡ್ ವೈರಿನ ತತ್ತ್ವವೂ ಅದೇ. ಅದರ ಅಗತ್ಯವನ್ನು ಒಂದು ಚಿಕ್ಕ ಲೆಕ್ಕದಿಂದ ಮನಗಾಣಬಹುದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಆ ತಂತಿಗೂ ಆಂಪ್ಲಿಫಯರಿನ ಒಳಬರುವ ತಂತಿಗೂ ನಡುವೆ ಕೇವಲ 1 ಪಿಕೊಫ್ಯಾರಡಿನಷ್ಟು ಧಾರಕತೆ ಇದೆಯೆನ್ನೋಣ. ಎರಡು ತಂತಿಗಳು ಕೆಲವೇ ಅಂಗುಲ ಅಕ್ಕಪಕ್ಕ ಸಾಗಿದರೂ ಅಷ್ಟಾಗುತ್ತದೆ. ಒಳಬರುವ ಹಂತದ ರೋಧವು 10 ಲಕ್ಷ ಓಮ್ ಆಗಿದ್ದರೆ ಅಲ್ಲಿ ಸುಮಾರು 72 ಮಿಲಿವೋಲ್ಟಿನ ಗುಂಯ್‌ನಾದವು ಹುಟ್ಟುತ್ತದೆ. ಮಾತನಾಡುವ ಮಗುವಿನ ಧ್ವನಿಯಿಂದ ಮೈಕು ಹುಟ್ಟಿಸುವ ಸಂಕೇತವೋ ಒಂದೆರಡು ಮಿಲಿವೋಲ್ಟ್! ಮಗುವಿನ ಮಾತು ಆ ನಾದದಲ್ಲಿ ಮುಳುಗಿಹೋಗುವುದರಲ್ಲಿ ಆಶ್ಚರ್ಯವೇನು? ಅದೇ ಒಳಬರುವ ಹಂತದ ರೋಧವು 600 ಓಮ್ ಆಗಿದ್ದರೆ ಆ ನಾದವು 0.04 ಮಿಲಿವೋಲ್ಟಿಗೆ ಇಳಿಯುತ್ತದೆ. ಆದುದರಿಂದ ರೋಧ ಹೆಚ್ಚಿರುವ, ಸಂಕೇತ ಚಿಕ್ಕದಾಗಿರುವ ಸ್ಥಳದಲ್ಲಿ ಕವಚವು ಅನಿವಾರ್ಯ. ಎರಡೂ ಇಲ್ಲದ ಸ್ಥಳದಲ್ಲಿ ಅದು ಬರಿಯ ಅಲಂಕಾರ.

ಅಲಂಕಾರವೆಂದಷ್ಟೇ ಹೇಳಿದರೂ ಸಾಲದು. ಅತಿಯಾದ ಕವಚವು ಹಾನಿಯನ್ನೂ ಮಾಡುತ್ತದೆ. ಕವಚಕ್ಕೂ ಒಳಗಿನ ತಂತಿಗೂ ನಡುವೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡಿನಷ್ಟು ಧಾರಕತೆ ಇರುತ್ತದೆ. 5 ಲಕ್ಷ ಓಮಿನ ವಾಲ್ಯೂಮ್ ಕಂಟ್ರೋಲಿನ ನಂತರ ಒಂದು ಮೀಟರು ಕವಚದ ತಂತಿಯನ್ನು ಜೋಡಿಸಿದರೆ 12,000 ಹರ್ಟ್ಸಿನ ಸುಮಾರಿನಿಂದಲೇ ಮೇಲಿನ ಸ್ವರಗಳು ಕುಗ್ಗತೊಡಗುತ್ತವೆ. ತಾಳದ ಝಣತ್ಕಾರ ಮಂಕಾಗುತ್ತದೆ. ಅದೇ ಜಾಗದಲ್ಲಿ ಒಂದು ಗೇಣು ತಂತಿಯಾದರೆ ದೋಷವಿಲ್ಲ. ಕವಚದ ತಂತಿಯನ್ನು ಗಿಡ್ಡವಾಗಿಡುವುದು ಜಾಣತನ. ಎಲ್ಲ ತಂತಿಗಳಿಗೂ ಕವಚ ತೊಡಿಸುವುದು ಜಾಣತನವಲ್ಲ.

ಕವಚದ ತುದಿಗಳನ್ನು ಎಲ್ಲಿ ಜೋಡಿಸಬೇಕು ಎಂಬಲ್ಲಿಯೂ ಅನೇಕರಿಗೆ ಗೊಂದಲ. ಪೆಟ್ಟಿಗೆಯೊಳಗೆ ಸಂಕೇತವು ಹಿಂದಿರುಗಲು ಬೇರೆ ತಂತಿಯಿದ್ದು, ಕವಚವು ಕೇವಲ ರಕ್ಷಣೆಗಾಗಿ ಇದ್ದರೆ, ಅದರ ಒಂದು ತುದಿಯನ್ನು ಮಾತ್ರ ಗ್ರೌಂಡಿಗೆ ಬೆಸೆದು ಇನ್ನೊಂದನ್ನು ಕತ್ತರಿಸಿ ಹೊದಿಕೆಯಿಂದ ಮುಚ್ಚಬೇಕು. ಎರಡೂ ತುದಿ ಬೆಸೆದರೆ ಗ್ರೌಂಡಿನ ತಂತಿಗಳು ಬಳೆಯಂತೆ ಸುತ್ತುಗಟ್ಟಿ, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವು ಆ ಬಳೆಯಲ್ಲಿ ಪ್ರವಾಹವನ್ನು ಹುಟ್ಟಿಸುತ್ತದೆ. ಕವಚವೇ ಸಂಕೇತದ ಹಿಂದಿರುಗುವ ದಾರಿಯಾಗಿದ್ದರೆ ಮಾತ್ರ ಎರಡೂ ತುದಿಗಳು ಜೋಡಣೆಯಾಗಲೇಬೇಕು. ತಾಮ್ರದ ಕವಚವು ವಿದ್ಯುತ್ ಕ್ಷೇತ್ರವನ್ನು ತಡೆಯುವುದೇ ಹೊರತು 50 ಹರ್ಟ್ಸಿನ ಕಾಂತಕ್ಷೇತ್ರವನ್ನು ತಡೆಯಲಾರದು. ಕಾಂತಕ್ಷೇತ್ರಕ್ಕೆ ಮದ್ದು ಬೇರೆ: ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಒಂದಕ್ಕೊಂದು ಹುರಿಗೊಳಿಸುವುದು, ಟ್ರಾನ್ಸ್‌ಫಾರ್ಮರಿನಿಂದ ದೂರವಿಡುವುದು, ಅಡ್ಡ ಬಂದರೆ ಸಮಕೋನದಲ್ಲಿ ದಾಟಿಸುವುದು. ಇವುಗಳಿಗೆ ಒಂದು ಕಾಸೂ ಖರ್ಚಿಲ್ಲ.

ಕವಚಗಳಲ್ಲಿ ಮೂರು ಬಗೆ. ಹೆಣೆದ ಕವಚವು ಗಟ್ಟಿಮುಟ್ಟು, ಬಾಗಿದರೂ ತಾಳುತ್ತದೆ. ಸುತ್ತಿದ ಎಳೆಗಳ ಕವಚವು ಬಿಡಿಸಲು ಸುಲಭ, ಮೃದು. ಆದರೆ ಹೆಚ್ಚು ಬಾಗಿದಾಗ ಸಂದುಗಳು ತೆರೆದುಕೊಳ್ಳುತ್ತವೆ. ಲೋಹದ ತಗಡಿನ ಕವಚವು ಪೂರ್ತಿ ಮುಚ್ಚುತ್ತದೆ, ಬಾಗಿ ಬಾಗಿ ಬಿರುಕು ಬಿಡುತ್ತದೆ. ಕೈಯಲ್ಲಿ ಹಿಡಿಯುವ ಮೈಕಿನ ತಂತಿಗೆ ಹೆಣೆದದ್ದು, ಗೋಡೆಗೆ ಕೂರಿಸಿ ಮರೆಯುವ ತಂತಿಗೆ ತಗಡಿನದು ಸೂಕ್ತ. ಸಭಾಂಗಣದ ವೇದಿಕೆಯಿಂದ ಆಂಪ್ಲಿಫಯರಿಗೆ 20-30 ಮೀಟರು ದೂರವಿದ್ದಲ್ಲಿ ಕವಚದೊಳಗೆ ಹುರಿಗೊಳಿಸಿದ ಎರಡು ತಂತಿಗಳಿರುವ ಬ್ಯಾಲೆನ್ಸ್ಡ್ ಜೋಡಣೆಯೇ ಬೇಕು. ಎರಡು ತಂತಿಗಳಲ್ಲಿಯೂ ಸಮನಾಗಿ ಹುಟ್ಟಿದ ನಾದವು ಆಂಪ್ಲಿಫಯರಿನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತದೆ.

ಇನ್ನು ದುಬಾರಿ ತಂತಿಗಳ ಮಹಿಮೆ. ಆಮ್ಲಜನಕರಹಿತ ತಾಮ್ರ, ಶುದ್ಧ ಬೆಳ್ಳಿ ಮುಂತಾದ ಹೆಸರುಗಳಿಂದ ಹತ್ತಾರು ಪಟ್ಟು ಬೆಲೆಗೆ ತಂತಿಗಳು ಮಾರಾಟವಾಗುತ್ತಿವೆ. ಆಮ್ಲಜನಕರಹಿತ ತಾಮ್ರದ ವಾಹಕಶಕ್ತಿಯು ಸಾಮಾನ್ಯ ವಿದ್ಯುತ್ ತಾಮ್ರಕ್ಕಿಂತ ಸುಮಾರು ನೂರಕ್ಕೆ ಒಂದರಷ್ಟು ಹೆಚ್ಚು. ಬೆಳ್ಳಿಯದು ನೂರಕ್ಕೆ ಐದಾರರಷ್ಟು. ಈ ಲಾಭವನ್ನು ಒಂದೆರಡು ಎಳೆ ಹೆಚ್ಚಿರುವ ಸಾಮಾನ್ಯ ತಂತಿಯಿಂದಲೇ ಪಡೆಯಬಹುದು. ಹೆಚ್ಚಿನ ಆವೃತ್ತಿಯ ಪ್ರವಾಹವು ತಂತಿಯ ಹೊರಮೈಯಲ್ಲಿ ಮಾತ್ರ ಹರಿಯುವುದೆಂಬ ವಾದವನ್ನೂ ಮುಂದೊಡ್ಡುತ್ತಾರೆ. ಕಿವಿಗೆ ಕೇಳುವ ಮೇಲಿನ ಮಿತಿಯಾದ 20,000 ಹರ್ಟ್ಸಿನಲ್ಲಿ ಪ್ರವಾಹವು ತಾಮ್ರದೊಳಗೆ ಇಳಿಯುವ ಆಳ ಸುಮಾರು 0.46 ಮಿಲಿಮೀಟರ್. ಇಡೀ ತಂತಿಯ ವ್ಯಾಸವೇ ಸುಮಾರು ಅರ್ಧ ಮಿಲಿಮೀಟರ್ ಇರುವಲ್ಲಿ ಈ ವಾದಕ್ಕೆ ಏನು ಅರ್ಥ? ಬೆಳ್ಳಿಯನ್ನು ಬಯಸುವವರ ಅಭಿರುಚಿಯನ್ನು ನಾವು ಹಳಿಯಬೇಕಾಗಿಲ್ಲ. ಆದರೆ ಶಾಲೆಯ ಹಣವು ದಾನದ ಹಣ. ಅದನ್ನು ಕಿವಿಯು ಗುರುತಿಸಲಾರದ ಗುಣಕ್ಕೆ ಸುರಿಯುವುದು ಸಲ್ಲದು.

ಅತಿ ಮುಖ್ಯವಾದ ಮಾತೊಂದು ಉಳಿದಿದೆ. ಗುಂಯ್‌ನಾದವನ್ನು ನಿಲ್ಲಿಸಲು ಆಂಪ್ಲಿಫಯರಿನ ಮೂರು ಕಡ್ಡಿಯ ಪ್ಲಗ್ಗಿನಿಂದ ಅರ್ಥಿಂಗ್ ತಂತಿಯನ್ನು ಬಿಚ್ಚಿಹಾಕುವ ದುರಭ್ಯಾಸವು ಅನೇಕ ಕಡೆ ಕಂಡುಬರುತ್ತದೆ. ನಾದವು ಕೆಲವೊಮ್ಮೆ ನಿಲ್ಲುವುದು ನಿಜ. ಆದರೆ ಒಳಗೆ ಫೇಸಿನ ತಂತಿಯ ಹೊದಿಕೆಯು ಸವೆದು ಪೆಟ್ಟಿಗೆಗೆ ತಾಗಿದ ದಿನ, 230 ವೋಲ್ಟುಗಳು ಕವಚದ ಮೂಲಕವೇ ಮೈಕಿನ ಲೋಹದ ಮೈಗೆ ಬಂದು ನಿಲ್ಲುತ್ತವೆ. ಅದನ್ನು ಹಿಡಿದಿರುವುದು ಬರಿಗಾಲಿನಲ್ಲಿ ನಿಂತ ಮಗುವಿನ ಕೈ. ಪ್ರಾಣರಕ್ಷಣೆಗೆಂದು ಮನೆಗಳಲ್ಲಿ ಅಳವಡಿಸುವ ಸ್ವಿಚ್ಚುಗಳು 30 ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುತ್ತವೆ ಎಂಬುದರಿಂದಲೇ ಮನುಷ್ಯದೇಹಕ್ಕೆ ಎಷ್ಟು ಪ್ರವಾಹ ಅಪಾಯಕರವೆಂಬುದನ್ನು ಊಹಿಸಬಹುದು. ಗುಂಯ್‌ನಾದಕ್ಕೆ ಪರಿಹಾರವು ಕವಚದ ಸರಿಯಾದ ಜೋಡಣೆಯಲ್ಲಿದೆಯೇ ಹೊರತು ಅರ್ಥಿಂಗನ್ನು ಕಡಿಯುವುದರಲ್ಲಿಲ್ಲ. ತಂತಿಯ ವಿದ್ಯೆ ಬಲ್ಲವನು ಆ ಕತ್ತರಿಯನ್ನು ಎಂದೂ ಎತ್ತಿಕೊಳ್ಳನು. ಪೆಟ್ಟಿಗೆಯೊಳಗೆ 230 ವೋಲ್ಟ್ ಸಾಗುವ ತಂತಿಯು ದಪ್ಪ ಹೊದಿಕೆಯ, ಯೋಗ್ಯ ದರ್ಜೆಯ ತಂತಿಯಾಗಿರಬೇಕು. ಪೆಟ್ಟಿಗೆಯನ್ನು ಹೊಗುವಲ್ಲಿ ರಬ್ಬರಿನ ಬಳೆಯನ್ನು ತೊಡಿಸಿರಬೇಕು. ಹಸಿರು ತಂತಿಯು ಲೋಹದ ಮೈಗೆ ಬಿಗಿಯಾಗಿ ಸೇರಿರಬೇಕು. ಮೊದಲ ಖರ್ಚು ಇಲ್ಲಿ ಆಗಲಿ.

ಈ ವಿದ್ಯೆಯನ್ನು ಕಲಿಸಲು ಅಧ್ಯಾಪಕರು ದೊಡ್ಡ ಯಂತ್ರಗಳಿಗೆ ಕಾಯಬೇಕಾಗಿಲ್ಲ. ಎಲ್‌ಎಂ 386 ಎಂಬ ಚಿಕ್ಕ ಚಿಪ್ಪು 9 ವೋಲ್ಟಿನ ಬ್ಯಾಟರಿಯಿಂದಲೇ ನಡೆಯುತ್ತದೆ, ಅದರಲ್ಲಿ ಅಪಾಯವಿಲ್ಲ. ಅದರ ಒಳಬರುವ ಕೊನೆಗೆ ಮೊದಲು ಬರಿಯ ತಂತಿಯನ್ನೂ ಅನಂತರ ಕವಚದ ತಂತಿಯನ್ನೂ ಜೋಡಿಸಿ, ವ್ಯತ್ಯಾಸವನ್ನು ಮಕ್ಕಳ ಕಿವಿಗೇ ಬಿಟ್ಟುಬಿಡಬಹುದು. ಫ್ಯಾರಡೆಯ ತತ್ತ್ವವನ್ನು ಕರಿಹಲಗೆಯ ಮೇಲೆ ಹತ್ತು ಸಲ ಬರೆಸುವುದಕ್ಕಿಂತ ಈ ಒಂದು ನಿಮಿಷ ಹೆಚ್ಚು ಕಲಿಸುತ್ತದೆ. 2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ಅನೇಕ ಶಾಲೆಗಳಿಗೆ ಉಪಕರಣಗಳು ಬಂದಿವೆ. ಅವು ಕಪಾಟಿನಲ್ಲಿ ಹೊಳೆಯುತ್ತ ಕೂರದೆ ಮಕ್ಕಳ ಕೈಗೆ ಬರಲಿ.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಅನೇಕರು ವಿದ್ಯುತ್ ಇಲಾಖೆಯಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುತ್ತಿದ್ದಾರೆ. ವರ್ಷಕ್ಕೊಂದು ಭಾನುವಾರವನ್ನು ಶಾಲೆಗೆ ಕೊಟ್ಟು, ಸಭಾಂಗಣದ ತಂತಿಗಳನ್ನೂ ಅರ್ಥಿಂಗನ್ನೂ ಪರೀಕ್ಷಿಸಿ, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ವಿವರಿಸಿದರೆ ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಯಾವುದು? ದಾನಿಗಳಲ್ಲಿಯೂ ಒಂದು ವಿನಂತಿ. ದೊಡ್ಡ ಯಂತ್ರದ ಮೇಲೆ ದಾನಿಯ ಹೆಸರನ್ನು ಬರೆಸಬಹುದು, ತಂತಿಯ ಮೇಲೆ ಬರೆಸಲಾಗದು. ಆದುದರಿಂದ ತಂತಿಗೆ ದಾನ ಬರುವುದು ಕಡಿಮೆ. ಆದರೆ ಬೇರೆ ಬೇರೆ ಬಣ್ಣದ ಕೆಲವು ಸುರುಳಿ ಹುಕಪ್ ವೈರ್, ಒಂದು ಸುರುಳಿ ಒಳ್ಳೆಯ ಶೀಲ್ಡೆಡ್ ವೈರ್, ನಾಲ್ಕಾರು ಬೆಸುಗೆಯ ಸಲಾಕೆಗಳು, ಇಷ್ಟರಿಂದಲೇ ಒಂದು ತರಗತಿಯ ಮಕ್ಕಳು ವರ್ಷವಿಡೀ ಕಲಿಯಬಲ್ಲರು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಇವೆಲ್ಲವೂ ಸುಲಭವಾಗಿ ದೊರೆಯುತ್ತವೆ.

ಧ್ವನಿಯಂತ್ರದ ಗುರಿಯು ಹಿಂದಿನ ಸಾಲಿನಲ್ಲಿ ಕುಳಿತ ಮಗುವಿಗೂ ಮುಂದಿನ ಸಾಲಿನವರಿಗೆ ಕೇಳಿದಷ್ಟೇ ಸ್ಪಷ್ಟವಾಗಿ ಮಾತು ಕೇಳಿಸುವುದು. ಆ ಗುರಿಯನ್ನು ಮುಟ್ಟಲು ಬೇಕಾದುದು ಚಿನ್ನದ ಬೆಲೆಯ ತಂತಿಯಲ್ಲ. ಯೋಗ್ಯ ಸ್ಥಳದಲ್ಲಿ ಯೋಗ್ಯ ತಂತಿ, ಶುದ್ಧವಾದ ಬೆಸುಗೆ, ಭದ್ರವಾದ ಅರ್ಥಿಂಗ್, ಇವುಗಳನ್ನು ಬಲ್ಲ ಎರಡು ಕೈಗಳು. ಅಂತಹ ಕೈಗಳನ್ನು ಸಿದ್ಧಪಡಿಸುವ ಹೊಣೆಯನ್ನು ನಮ್ಮ ಶಾಲೆಯು ಮುಂಬರುವ ವರ್ಷದಿಂದಲೇ ವಹಿಸಿಕೊಳ್ಳಲೆಂದು ಆಶಿಸುತ್ತೇನೆ.